ಮಿಂಚುವಿನ ಪರವಾಗಿ ಒಂದು ಅರಿಕೆ

ಸಮಸ್ತ ಬಸವನಹುಳುಗಳ ಒಡತಿ, ಸರಾಸರಿ ಸಾಮ್ರಾಜ್ಯದ ಮಹಾರಾಣಿ, ವಿಜ್ಞಾನಿ ಚಿಕ್ಕಮ್ಮನವರ ದಿವ್ಯ ಸನ್ನಿಧಾನಕ್ಕೆ,

ರಜೆಗೆಂದು ಬಂದಿರುವ ಅಕ್ಕನ ಮಗ ಅಡ್ಡಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ, ನಿನ್ನೆಯ ನಡಿಗೆ ಪರೀಕ್ಷೆಯಲ್ಲಿ ಉಳಿದ ಹುಳುಗಳೆಲ್ಲ ಗಾಜಿನ ಮೇಲೆ ಒಂದು ಗೇಣು ಹೋಗುವಷ್ಟರಲ್ಲಿ ನಮ್ಮ ಮಿಂಚು ಮೂರು ಗೇಣು ದಾಟಿದ್ದ. "ಇವನು ಸರಾಸರಿ ಕೆಡಿಸ್ತಾನೆ ಕಣೋ, ಲೆಕ್ಕದಿಂದ ತೆಗೀತೀನಿ" ಅಂದಿರಿ. ಇದು ನ್ಯಾಯವೇ? ಸರಾಸರಿ ಹುಳುವನ್ನು ಯಾರೂ ಕಂಡಿಲ್ಲ, ಮಿಂಚುವಾದರೋ ಸೊಪ್ಪು ಮೆಲ್ಲುತ್ತಾ ಕಣ್ಣೆದುರೇ ಇದ್ದಾನೆ. ಎಲ್ಲರಂತಿಲ್ಲದವನನ್ನು ಹೊಡೆದುಹಾಕಿದರೆ ವಿಜ್ಞಾನಕ್ಕೆ ಹೊಸದು ತಿಳಿಯುವುದಾದರೂ ಹೇಗೆ? ವರದಿ ಕಳಿಸುವ ಮುನ್ನ ದಯವಿಟ್ಟು ಅವನನ್ನು ಒಳಗೆ ಸೇರಿಸಿಕೊಳ್ಳಿ.

ತಮ್ಮ ಪಾದಧೂಳಿ,
ಕಿತಾಪತಿ

ಚಿಕ್ಕಮ್ಮ, ಅವನನ್ನು ಇನ್ನೊಂದು ಸಲ ಮಾತ್ರ ಓಡಿಸಬೇಡ. ಹೊರಟ ಜಾಗದಲ್ಲೇ ನಿದ್ದೆ ಹೋಗಿದ್ದ. ನೀನು ಫೋನಿಗೆ ಎದ್ದು ಹೋದಾಗ, ಪಾಪ ಅನ್ನಿಸಿ, ನಾನೇ ಎತ್ತಿ ಮುಂದಿಟ್ಟೆ.