ಪಲೆರ್ಮೊದ ಶನಿವಾರಗಳು

ಪಲೆರ್ಮೊ, ಭಾನುವಾರ

ಪ್ರಿಯ ಅಸುಂತಾ,

ಶನಿವಾರ ಬಂದರೆ ಮಗಳನ್ನು ಎಲ್ಲೆಲ್ಲಿ ಅಲೆದಾಡಿಸುತ್ತೀಯ ಎಂದು ನೀನು ಕೇಳಿದ್ದೀಯ. ಮೊದಮೊದಲು ದೊಡ್ಡ ಚರ್ಚು, ಅರಮನೆ ತೋರಿಸಿದೆ. ಅವು ಮುಗಿದ ಮೇಲೆ ಬಲ್ಲಾರೊ ಸಂತೆಯ ಹಿಂದಿನ ಓಣಿಗಳು, ಗೊಂಬೆಯಾಟದವರ ಅಂಗಳ, ಛಾವಣಿಯಿಲ್ಲದ ಹಳೇ ಚರ್ಚಿನೊಳಗೆ ಬೆಳೆದ ಮರ. ನಾವು ಬೇರೆಯಾದ ಮೇಲೆ ನಾನು ಹಿಡಿದ ಕೋಣೆಗೆ ಮಾತ್ರ ಕರೆದೊಯ್ದಿರಲಿಲ್ಲ. ಅದರ ಗೋಡೆ ನೋಡಿದರೆ ನನಗೇ ನಾಚಿಕೆ.

ನಿನ್ನೆ ಕಡಲೆಹಿಟ್ಟಿನ ಬಿಸಿ ಪನೆಲ್ಲೆ ತಿನ್ನುತ್ತಾ ನಿನ್ಫಾ ಕೇಳಿದಳು: "ಅಪ್ಪಾ, ಊರೆಲ್ಲ ತೋರಿಸ್ದೆ. ನಿನ್ ಮನೆ ಯಾವಾಗ?"

"ಅಲ್ಲಿ ನೋಡೋಕೆ ಏನೂ ಇಲ್ಲ ಕಣೇ."

"ಸುಳ್ಳುಬುರುಕ! ಪ್ರತಿ ಹಾಳು ಗೋಡೆ ಮುಂದೆನೂ ಹಿಂಗೇ ಹೇಳ್ತೀಯ, ಆಮೇಲೆ ಅರ್ಧ ಗಂಟೆ ನಿಲ್ಲಿಸ್ತೀಯ."

ನನಗೆ ನಗು ತಡೆಯಲಾಗಲಿಲ್ಲ. ಕರೆದೊಯ್ದೆ. ಮೂರು ಮಹಡಿ ಓಡಿಕೊಂಡೇ ಹತ್ತಿದಳು. ಕಿಟಕಿಯಿಂದ ಬಗ್ಗಿ, ಕೆಳಗೆ ಬಟ್ಟೆ ಒಣಹಾಕುತ್ತಿದ್ದ ಅಜ್ಜಿಗೆ ಕೂಗಿ ಹೇಳಿದಳು: "ನಾನು ಕಲೊಜೆರೊ ಮಗಳು! ಮುಂದಿನ ವಾರ ಇಲ್ಲೇ ಮಲಗ್ತೀನಿ!" ಆರು ತಿಂಗಳಿಂದ ನನ್ನ ಹೆಸರೇ ಗೊತ್ತಿರದ ಆ ಅಜ್ಜಿ ಕೈಬೀಸಿದಳು.

ನೀನು ಒಪ್ಪಿದರೆ ಅವಳ ಹೊದಿಕೆ ಕಳಿಸು. ಇಲ್ಲಿ ಬೆಳಗಿನ ಜಾವ ಚಳಿ. ನೀನೇ ಬಿಡಲು ಬಂದರೆ ಬೀದಿಯಲ್ಲೇ ನಿಲ್ಲಬೇಡ, ಮೇಲೆ ಬಾ. ಕಾಫಿ ಮಾಡುತ್ತೇನೆ. ಇಷ್ಟು ದಿನ ಕೊಡದೆ ಉಳಿಸಿಕೊಂಡಿದ್ದ ವಿಳಾಸವನ್ನು ಲಕೋಟೆಯ ಹಿಂಬದಿಗೆ ಬರೆದಿದ್ದೇನೆ.

ಇಂತಿ,
ಕಲೊಜೆರೊ