ಒಂದು ಕೆಂಪು ಗುಂಡಿ

ಭಾನುವಾರ ಮಧ್ಯಾಹ್ನ
ಜೂನ್ ೧೪

ಪ್ರೀತಿಯ ತಲೆಹರಟೆ,

ಹೇಗಿದ್ದೀಯೆ? ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ನನ್ನ ಕೈಚೀಲದಲ್ಲೇ ದಿನಾ ಆಫೀಸಿಗೆ ಹೋಗಿ ಬಂದು ಮಡಿಕೆಯ ಹತ್ತಿರ ಹರಿದಿದೆ. ತಡವಾಯಿತು, ಬೈದುಕೋ. ಫೋನಿನಲ್ಲಿ ನಾಲ್ಕು ಸಾಲು ಕಳಿಸಬಹುದಿತ್ತು. ಆದರೆ "ಮೆಸೇಜ್ ಗಿಸೇಜ್ ನಾನು ಓದಲ್ಲ, ಕೈಯಲ್ಲಿ ಬರಿ" ಎಂದು ಆಣೆ ಹಾಕಿಸಿಕೊಂಡವಳು ನೀನೇ.

ಕೇಳಿದ್ದು ನೆನಪಿದೆ. ಕಣ್ಣು ಕಾಣದವರಿಗೆ ಫೋನು, ಕಂಪ್ಯೂಟರು ಕಲಿಸುವ ನಿನ್ನ ಶಾಲೆಯಲ್ಲಿ ಒಂದು ಕುರ್ಚಿ ಖಾಲಿ ಇದೆ, ಬಂದು ಕೂತ್ಕೋ ಎಂದಿದ್ದೀಯ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಇಲ್ಲಿಯ ಸುದ್ದಿ.

ಕಂಪನಿ ಗುರುತು ಸಿಗದಷ್ಟು ಬೆಳೆದಿದೆ. ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ನೀನು, ನಾನು, ಯಜಮಾನ ಒಂದೇ ಮೇಜಿಗೆ ಮೊಣಕೈ ತಾಗಿಸಿಕೊಂಡು ಕೂರುತ್ತಿದ್ದೆವಲ್ಲ, ಈಗ ನಾನೂರು ಜನ. ಆಸ್ಪತ್ರೆಯಲ್ಲಿ ಕಾಯಬೇಕಾದವರಿಗೆ ಮನೆಯಲ್ಲೇ ಸರದಿ ತಿಳಿಸುವ ಸಾಫ್ಟ್‌ವೇರಿನಿಂದ ನಾವು ಶುರು ಮಾಡಿದೆವು ಎಂಬುದು ಅರ್ಧ ಜನಕ್ಕೆ ಗೊತ್ತೇ ಇಲ್ಲ. ಮೊನ್ನೆ ಲಿಫ್ಟಿನಲ್ಲಿ ಒಬ್ಬ ಹೊಸಬ ನನ್ನನ್ನು, "ಯಾರನ್ನ ನೋಡ್ಬೇಕಿತ್ತು ಮೇಡಂ?" ಎಂದು ಕೇಳಿದ. "ಯಾರನ್ನೂ ಇಲ್ಲಪ್ಪ, ದಿನಾ ಬಂದು ಅಭ್ಯಾಸ" ಎಂದೆ.

ಯಜಮಾನ ಹಾಗೇ ಇದ್ದಾನೆ, ಕೂದಲು ಮಾತ್ರ ಇಲ್ಲ. ಬೆಳೆದಷ್ಟೂ ಅವನಿಗೆ ಹೆದರಿಕೆ ಹೆಚ್ಚು. ಇದು ಕೈಕೊಟ್ಟರೆ ಅದಿರಲಿ ಎಂದು ಔಷಧಿ ಅಂಗಡಿಗೆ, ವಿಮೆಗೆ, ವ್ಯಾಯಾಮಶಾಲೆಗೆ ಏನೇನೋ ಹಚ್ಚಿಕೊಂಡು ಹತ್ತೊಂಬತ್ತು ಕೆಲಸವಾಗಿದ್ದವು. ಹತ್ತು ಕಡೆ ಬಾವಿ ತೋಡಿ ಎಲ್ಲೂ ನೀರು ಕಾಣದವರ ಗತಿ ನಮ್ಮದು. ಕಳೆದ ತಿಂಗಳು ಅವನಿಗೇ ಸಾಕಾಗಿ ಇಪ್ಪತ್ತು ಜನ ಮುಖ್ಯಸ್ಥರನ್ನು ಕೂರಿಸಿ, "ಎಲ್ಲಾ ಮಾಡ್ತೀವಿ ಅಂತ ಹೊರಟು ಯಾವುದೂ ನೆಟ್ಟಗೆ ಆಗ್ತಿಲ್ಲ. ಐದೇ ಕೆಲಸ ಇಟ್ಕೊಳ್ಳೋಣ, ಮಿಕ್ಕಿದ್ದಕ್ಕೆ ಕೈ ಮುಗಿಯೋಣ" ಎಂದ. ಮಾತು ಸರಿಯೇ. ನಾನು ಎಷ್ಟೋ ವರ್ಷದಿಂದ ಗೊಣಗುತ್ತಿದ್ದುದೂ ಅದನ್ನೇ.

ಆರಿಸುವುದು ಹೇಗೆ ಎಂದಾಗ ಹಳೇ ಗುಂಡಿ ಡಬ್ಬಿ ಹೊರಬಂತು. ಕೆಳಗಿನ ಟೈಲರ್ ಅಂದು ಕೊಟ್ಟ ಅವೇ ಕೆಂಪು ಗುಂಡಿಗಳು. ಪದ್ಧತಿಯೂ ಅದೇ, ನೀನಿದ್ದಾಗ, ನಾವು ಹತ್ತಾರು ಜನ ಆದ ಮೇಲೆ, ನಾನು ಹೇಳಿಕೊಟ್ಟದ್ದು. ಗೋಡೆಯ ಮೇಲೆ ಒಂದೊಂದು ಕೆಲಸಕ್ಕೆ ಒಂದೊಂದು ಲಕೋಟೆ. ಒಬ್ಬೊಬ್ಬರಿಗೆ ಮೂರು ಗುಂಡಿ, ಒಂದು ಲಕೋಟೆಗೆ ಒಂದೇ ಹಾಕಬೇಕು. ಒಬ್ಬೊಬ್ಬರೇ ಒಳಗೆ ಹೋಗಿ ಹಾಕಿ ಬರಬೇಕು, ಯಾರು ಯಾವುದಕ್ಕೆ ಹಾಕಿದರೆಂದು ಯಾರಿಗೂ ತಿಳಿಯಬಾರದು. ಹೆಚ್ಚು ಗುಂಡಿ ಬಿದ್ದ ಐದು ಲಕೋಟೆ ಉಳಿಯುತ್ತವೆ, ಉಳಿದವು ಗೋಡೆಯಿಂದ ಇಳಿಯುತ್ತವೆ.

ನನ್ನ ಲಕೋಟೆಯ ಮೇಲೆ "ಫೋನ್ ಎತ್ತುವವರು" ಎಂದು ಬರೆದಿತ್ತು. ನನ್ನ ಕೈಕೆಳಗೆ ಹನ್ನೊಂದು ಜನ ಇದ್ದಾರೆ. ಸಾಫ್ಟ್‌ವೇರ್ ಕೈಕೊಟ್ಟಾಗ ಆಸ್ಪತ್ರೆಯವರ ಬೈಗುಳ ತಿಂದು ಸಮಾಧಾನ ಹೇಳುವವರು. ಹೊರಗಿನಿಂದ ದೊಡ್ಡವರು ಬಂದರೆ ಯಜಮಾನ ಮೊದಲು ಕರೆತರುವುದೇ ನಮ್ಮ ಕೋಣೆಗೆ. "ನಮ್ಮ ಮನೆದೇವ್ರು ಇವರೇ" ಎನ್ನುತ್ತಾನೆ. ಹಾಗಾಗಿ ನನಗೆ ಯೋಚನೆಯೇ ಇರಲಿಲ್ಲ.

ಲಕೋಟೆಗಳನ್ನು ಮೇಜಿನ ಮೇಲೆ ಸುರಿದರು. ನಮ್ಮದರಿಂದ ಬಿದ್ದದ್ದು ಒಂದೇ ಗುಂಡಿ.

ಇನ್ನು ಮುಂದೆ ಯಂತ್ರವೇ ಉತ್ತರ ಕೊಡುತ್ತದಂತೆ. ಹನ್ನೊಂದರಲ್ಲಿ ಆರು ಜನಕ್ಕೆ ಬೇರೆ ಕಡೆ ಜಾಗ ಸಿಕ್ಕಿತು. ಐವರಿಗೆ ನಾನೇ ಹೋಗಿ ಹೇಳಿದೆ. ಅವರಲ್ಲಿ ಹಿರಿಯಳು, "ಯಾರೂ ಬೇಕು ಅನ್ಲಿಲ್ವಾ ಮೇಡಂ?" ಎಂದು ಕೇಳಿದಳು. ನೀರು ಕುಡಿಯಲು ಎದ್ದು ಹೋದೆ.

ಇನ್ನೊಂದು ತಮಾಷೆ ಕೇಳು. ಅವತ್ತೇ ಸಂಜೆ ಚಿತ್ರ ವಿನ್ಯಾಸದ ಮುಖ್ಯಸ್ಥೆ ಬಂದು ನನ್ನ ಕೈ ಹಿಡಿದು, "ಆ ಒಂದು ಗುಂಡಿ ನಂದೇ ಮೇಡಂ" ಎಂದಳು. ಮರುದಿನ ನಾನೇ ಕೆಲಸ ಕಲಿಸಿದ ಮಾರಾಟದವನು ಬಂದ. "ನಾನೊಬ್ಬನೇ ಹಾಕಿದ್ದು ಅನ್ಸುತ್ತೆ" ಎಂದ. ಆಮೇಲೆ ಯಜಮಾನನೇ ಮೆಟ್ಟಿಲ ಮೇಲೆ ನಿಲ್ಲಿಸಿ, "ಅದು ನಂದು ಕಣೇ. ಮಿಕ್ಕವರೂ ಹಾಕ್ತಾರೆ ಅಂದ್ಕೊಂಡಿದ್ದೆ" ಎಂದ. ಒಂದು ಗುಂಡಿಗೆ ಮೂವರು ವಾರಸುದಾರರು. ಮೂವರಿಗೂ ತಲೆಯಾಡಿಸಿದೆ. ಅದನ್ನು ಹಾಕಿದವಳು ನಾನು.

ಅವರ ಮೇಲೆ ಸಿಟ್ಟಿಲ್ಲ. ಎಲ್ಲರಿಗೂ ನಾವು ಬೇಕಾಗಿದ್ದೆವು, ಅದೂ ಸುಳ್ಳಲ್ಲ. ಇದಕ್ಕೆ ಹೇಗೂ ಬೀಳುತ್ತವೆ ಎಂದುಕೊಂಡು ಒಬ್ಬೊಬ್ಬರೂ ತಮ್ಮ ಗುಂಡಿಯನ್ನು ತಮ್ಮ ತಮ್ಮ ಕೆಲಸ ಉಳಿಸಿಕೊಳ್ಳಲು ಹಾಕಿದರು. ಮಾಡಿದ್ದುಣ್ಣೋ ಮಹರಾಯ. ಆದರೆ ಸುಸ್ತಾಗಿದೆ ಕಣೇ. ನಿದ್ದೆ ಮಾಡಿ ಎದ್ದರೂ ಹೋಗದಂಥ ಸುಸ್ತು. "ನೀನು ಮಾತ್ರ ಇರು, ಬೇರೆ ಜಾಗ ಮಾಡ್ಕೊಡ್ತೀನಿ" ಎಂದ ಯಜಮಾನ. ಬೇಡವೆಂದು ಬರೆದುಕೊಟ್ಟೆ. ಈ ತಿಂಗಳ ಕೊನೆಗೆ ಬಿಡುತ್ತೇನೆ.

ಆ ಕುರ್ಚಿ ಇನ್ನೂ ಖಾಲಿ ಇದ್ದರೆ ಬರಲು ಆಸೆಯಿದೆ, ತುಂಬಾ ಆಸೆಯಿದೆ. ಆದರೆ ಕೆಳಗೆ ಬರೆದಿರುವುದನ್ನು ಓದಿದ ಮೇಲೆ ಕರಿ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಮಗಳಿಗೆ ಮುದ್ದು. ಮುರಿದ ಕಾಲು ಈಗಲೂ ಚಳಿಗೆ ನೋಯುತ್ತದೆಯೇ? ನಿನ್ನ ಮನೆ, ನಿನ್ನ ಶಾಲೆ ಎರಡೂ ತಣ್ಣಗಿರಲಿ.

ಇಂತಿ,
ನಿನ್ನ ಗೊಣಗಜ್ಜಿ

ಮರೆತಿದ್ದು ಎಂದು ಬರೆಯಲಾರೆ, ಮರೆತಿರಲಿಲ್ಲ: ಆಗೆಲ್ಲ ಓದಲು ಬಾರದವರು ಫೋನ್ ಮಾಡಿದರೆ ನಿನ್ನ ದನಿ ಸರದಿ ಹೇಳುತ್ತಿತ್ತು. "ನಿಮ್ಮ ಮುಂದೆ ಇನ್ನೂ ಆರು ಜನ ಇದ್ದಾರೆ, ಊಟ ಮಾಡಿ ನಿಧಾನವಾಗಿ ಬನ್ನಿ." ಅದೆಂದರೆ ನಮ್ಮೆಲ್ಲರಿಗೂ ಪ್ರಾಣ. ಆ ಕೆಲಸದ ಲಕೋಟೆ ಗೋಡೆಯಿಂದ ಇಳಿದ ದಿನ ನೀನು ಕಾಲು ಮುರಿದುಕೊಂಡು ಮಂಚದ ಮೇಲಿದ್ದೆ. ನಿನ್ನ ಲಕೋಟೆಯಲ್ಲಿ ಇದ್ದದ್ದು ಇದೊಂದೇ, ಹಾಕಿದ್ದು ನಾನು ಎಂದು ಹೇಳಿ ಒಂದು ಗುಂಡಿ ತಂದು ನಿನ್ನ ಕೈಗಿಟ್ಟೆ. ಅದನ್ನು ಇನ್ನೂ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೀಯಂತೆ, "ಅವತ್ತು ನನ್ನ ಪರ ಇದ್ದವಳು ನೀನೊಬ್ಬಳೇ, ಅದಕ್ಕೇ ಈ ಕುರ್ಚಿ ನಿಂಗೆ" ಎಂದು ಬರೆದಿದ್ದೀಯ. ನಾನು ಹಾಕಿರಲಿಲ್ಲ ಕಣೇ. ಮಿಕ್ಕವರು ಹಾಕುತ್ತಾರೆ ಎಂದುಕೊಂಡೆ. ನಿನ್ನ ಲಕೋಟೆ ಖಾಲಿಯಿತ್ತು. ನೀನು ಬಂದರೆ ಹಾಕಲಿ ಎಂದು ನಿನ್ನ ಪಾಲಿನ ಮೂರು ಗುಂಡಿ ಡಬ್ಬಿಯಲ್ಲೇ ಉಳಿದಿದ್ದವು. ನಿನಗೆ ತಂದುಕೊಟ್ಟದ್ದು ಅದರಲ್ಲೊಂದು.