ಜಾಲರಿಯ ಕಟಕಟ

24 ಅಕ್ಟೋಬರ್ 2004, ಭಾನುವಾರ

ಇವತ್ತೂ ಕಟಕಟ. ಇಡ್ಲಿ ಬೇಯಲು ಇಟ್ಟು ಮತ್ತೆ ಸಬ್‌ವೂಫರ್ ಸ್ಪೀಕರ್ ಮುಂದೆ ಕೂತೆ. ಹಾಡು ಹಾಕಿದರೆ ಸಾಕು, ಮುಂದಿನ ಜಾಲರಿ ಹಲ್ಲು ಕಡಿಯುತ್ತದೆ. ನನ್ನ ಲಾಸ್ಯಳಿಗೆ ಕಿವಿ ಕೇಳಿಸದು. ಜಾಲರಿಗೆ ಕೈ ಇಟ್ಟೇ ತಾಳ ಕಲಿಯಬೇಕು. ರಾಜ್ಯೋತ್ಸವದ ಡ್ಯಾನ್ಸಿಗೆ ಸ್ಕೂಲಿನವರು ಮೊದಲ ಸಲ ಸೇರಿಸಿಕೊಂಡಿದ್ದಾರೆ. ತಪ್ಪಿದರೆ ಇನ್ನು ಸೇರಿಸುವುದಿಲ್ಲ, ಗೊತ್ತು. ನಾಲ್ಕು ದಿನದಿಂದ ಚೆನ್ನಾಗೇ ಕುಣಿಯುತ್ತಿದ್ದಾಳೆ. ಆದರೂ ಈ ಹಾಳು ಸದ್ದು ಮಗುವಿನ ತಾಳ ತಪ್ಪಿಸಿದರೆ?

26, ಮಂಗಳವಾರ

ಮೇಟಗಳ್ಳಿ ಫ್ಯಾಕ್ಟರಿಯಿಂದ ಬರುವಾಗ ರಬ್ಬರ್ ವಾಷರ್ ತಂದೆ. ನಾಲ್ಕೂ ಸ್ಕ್ರೂಗೆ ಹಾಕಿದೆ. ಅಂಚಿಗೆ ಸೈಕಲ್ ಟ್ಯೂಬ್ ಕತ್ತರಿಸಿ ಅಂಟಿಸಿದೆ. ಏನೂ ಪ್ರಯೋಜನವಿಲ್ಲ. ನಮ್ಮ ಯಜಮಾನರು ಪೇಪರ್ ಹಿಂದಿನಿಂದಲೇ, "ಮಾರ್ಬುಡು, ಹೊಸದು ತಗೊಳ್ಳೋಣ" ಅಂದರು. ಥೂ! ಹೇಳುವುದಕ್ಕೇನು, ಬಾಯಿ ಇದೆ.

28, ಗುರುವಾರ, ಸಂಜೆ 6

ಜಾಲರಿ ಪೂರ್ತಿ ಬಿಚ್ಚಿದೆ. ಒಳಗೆ, ಕೆಳಗಿನ ಸಂದಿಯಲ್ಲಿ — ಅಕ್ಷತೆ!

"ಆಯುಧಪೂಜೆ ದಿನ ನಾನೇ ಹಾಕ್ದೆ ಕಣಮ್ಮ ಶಿವಾನಿ," ಅಂದರು ಅತ್ತೆ. "ಮಿಕ್ಸಿಗೆ, ಸ್ಕೂಟರ್‌ಗೆ ಹಾಕ್ದಂಗೆ ಇದಕ್ಕೂ. ಮಗು ಕೈಯಿಡೋ ಸಾಮಾನಲ್ವಾ?"

"ತೂತಿನ ಮೇಲೆ ಹಾಕ್ತಾರಾ ಅತ್ತೆ?" ಜೋರಾಗಿಯೇ ಕೇಳಿದೆ. ಅವರ ಮುಖ ಸಪ್ಪಗಾಯಿತು. ಆಗಲಿ.

ಒಂದೊಂದು ಕಾಳನ್ನೂ ಪಿನ್ನಿನಲ್ಲಿ ತೆಗೆದೆ. ಹಾಡು ಹಾಕಿದೆ. ಆಹಾ... ಬರೀ ಧಿಮ್ ಧಿಮ್. ಗೆದ್ದೆ.

30, ಶನಿವಾರ

ಲಾಸ್ಯ ತಾಳ ತಪ್ಪುತ್ತಿದ್ದಾಳೆ. ಹತ್ತು ಸಲ ಹಾಕಿದೆ, ಹತ್ತು ಸಲವೂ ತಪ್ಪಿದಳು. ಕಾಲೆತ್ತಿ ಹಾಗೇ ನಿಲ್ಲುತ್ತಾಳೆ. ಗದರಿದೆ. ಅತ್ತಳು. ಆಮೇಲೆ ನನ್ನ ಕೈ ಎಳೆದು ಜಾಲರಿ ಮೇಲಿಟ್ಟು, ನನ್ನ ಬೆರಳ ಮೇಲೆ ಉಗುರಿನಿಂದ ಕಟಕಟ ಬಡಿದಳು. ಕೈ ಆಡಿಸಿದಳು — ಈಗ ಇಲ್ಲ.

ಧಿಮ್ ಅಂದರೆ ಅವಳಿಗೆ ಬರೀ ನಡುಕ. ಏಟು ಯಾವಾಗ ಬಿತ್ತು ಅಂತ ಬೆರಳಿಗೆ ಹೇಳುತ್ತಿದ್ದದ್ದು ಆ ಕಟಕಟ. ವಾರವಿಡೀ ಅದನ್ನು ಬೈದು, ಹುಡುಕಿ, ಕಿತ್ತುಹಾಕಿದವಳು ನಾನು. ಎಂಥ ಬುದ್ಧಿವಂತೆ! ಅಳು ಬರುತ್ತಿದೆ. ನಾಡಿದ್ದು ಡ್ಯಾನ್ಸ್.

31, ಭಾನುವಾರ, ಮಧ್ಯಾಹ್ನ

ಅಕ್ಷತೆ ಮತ್ತೆ ಹಾಕಿ ನೋಡಿದೆ, ಆ ಸದ್ದು ಬರಲಿಲ್ಲ. ಟ್ಯೂಬ್ ಕಿತ್ತೆ. ವಾಷರ್ ತೆಗೆದೆ. ಒಂದು ಸ್ಕ್ರೂ ಅರ್ಧ ಸುತ್ತು ಸಡಿಲಿಸಿದೆ. ಲಾಸ್ಯ ಬೆರಳಿಟ್ಟು ನೋಡಿ ತಲೆ ಅಲ್ಲಾಡಿಸಿದಳು. ಇನ್ನರ್ಧ ಸುತ್ತು. ಊಹೂಂ. ನನಗೆ ಸಾಕಾಗಿ ಇಲ್ಲಿ ಬಂದು ಕೂತೆ. ಸ್ಕ್ರೂಡ್ರೈವರ್ ಈಗ ಅವಳ ಕೈಯಲ್ಲಿದೆ. ಒಂದು ಕೈ ಜಾಲರಿ ಮೇಲೆ, ಕಣ್ಣು ಮುಚ್ಚಿ, ತಾನೇ ತಿರುಗಿಸುತ್ತಿದ್ದಾಳೆ. ಸದ್ದು ಶುರುವಾಯಿತು... ಕರ್ಣಕಠೋರ. ಕಾಲು ಎತ್ತಿದಳು — ಸರಿಯಾಗಿ ಏಟಿಗೇ ಇಳಿಸಿದಳು.